ಬಾಲವಿಲ್ಲದ ಹೆಸರು

ಮಾರ್ಲಾ ಸ್ಟ್ಯಾಂಪರ್‌ಳ ಬಟ್ಟೆ ಒಗೆಯುವ ಮೆಷಿನ್ನು ಕ್ರಿಸ್‌ಮಸ್ ಮುಗಿದ ವಾರವೇ ಪ್ರಾಣ ಬಿಟ್ಟಿತ್ತು. ಅದನ್ನು ಹೊರಗೆ ಸಾಗಿಸಲೂ ಯಾರಿಗೂ ಪುರುಸೊತ್ತಾಗದೆ, ತಲೆಯ ಮೇಲೆ ಈರುಳ್ಳಿ ಬುಟ್ಟಿ ಹೊತ್ತುಕೊಂಡು ಹಿಂದಿನ ಕೋಣೆಯಲ್ಲೇ ನಿಂತಿತ್ತು. ಗಂಡ ಕ್ವಾರಿಯಲ್ಲಿ ಜಲ್ಲಿ ಲಾರಿ ಓಡಿಸುವವನು. ನಾಲ್ಕು ವರ್ಷದ ಮಗ ಟ್ರಿಪ್, ಕೆಸರು ಕಂಡರೆ ಎಮ್ಮೆಗಿಂತ ಮೊದಲು ಇಳಿಯುವವನು. ಆದ್ದರಿಂದ ಮಾರ್ಲಾ ಹಿಮ ಇರಲಿ, ಬಿಸಿಲಿರಲಿ, ಗಂಟುಗಳನ್ನು ಪಿಕಪ್ಪಿಗೆ ಹಾಕಿಕೊಂಡು ನದಿಯಾಚೆಯ ಪೇಟೆಗೆ ಹೋಗಿ, ಕಾಸು ಹಾಕಿದರೆ ತಿರುಗುವ ಮೆಷಿನ್ನುಗಳ ಮುಂದೆ ಕೂತು ಬರುತ್ತಿದ್ದಳು.

"ರಾಜ್ಯದ ದುಡ್ಡು ಬರಲಿ, ಹೊಸದು ತರೋಣ," ಅನ್ನುತ್ತಿದ್ದ ಗಂಡ.

ವರ್ಷವಿಡೀ ಅವನ ಸಂಬಳದಲ್ಲಿ ರಾಜ್ಯದವರು ಹೆಚ್ಚಾಗಿ ಹಿಡಿದುಕೊಂಡು, ಈಗ ವಾಪಸು ಕೊಡಬೇಕಾದ ಆದಾಯ ತೆರಿಗೆ ಅದು. ಕೇಂದ್ರ ಸರ್ಕಾರದ ಪಾಲೆಂದು ವಾಷಿಂಗ್ಟನ್ನಿನಿಂದ ವಾಪಸು ಬಂದ ಹಣವನ್ನು ಪಿಕಪ್ಪಿನ ಗೇರ್‌ಬಾಕ್ಸ್ ನುಂಗಿಯಾಗಿತ್ತು. ಉಳಿದ ಆಸೆ ಇದೊಂದೇ. ಆದರೆ ಹಣದ ಬದಲು ಬಂದದ್ದು ಕಾಗದ: ನಿಮ್ಮ ಹೆಸರಿನಲ್ಲಿ ಕಳ್ಳರು ಹಣ ಕೇಳದಂತೆ ನಿಮ್ಮನ್ನು ಕಾಪಾಡುವುದಕ್ಕಾಗಿ ಕೆಲವು ಪ್ರಶ್ನೆ ಕೇಳುತ್ತೇವೆ, ಕಂಪ್ಯೂಟರಿನಲ್ಲಿ ಉತ್ತರಿಸಿ, ಎರಡೇ ಅವಕಾಶ. ಎರಡೂ ತಪ್ಪಿದರೆ ದಾಖಲೆಗಳನ್ನೆಲ್ಲ ಅಂಚೆಯಲ್ಲಿ ಕಳಿಸಿ ಕಾಯಬೇಕು. ಹಾಗೆ ಕಾದ ಪಕ್ಕದ ಮನೆಯವಳಿಗೆ ಹಣ ಬಂದದ್ದು ಎಲೆ ಉದುರುವ ಕಾಲಕ್ಕೆ.

ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಲಾ ಮೊದಲ ಸಲ ಉತ್ತರಿಸಿದಳು. ಈ ಕೆಳಗಿನ ಯಾವ ಕಾರು ನಿಮ್ಮದಾಗಿತ್ತು? ಅವನ ಯಾವ ಕಾರೂ ಪಟ್ಟಿಯಲ್ಲಿರಲಿಲ್ಲ. ಯಾವ ರಸ್ತೆಯಲ್ಲಿ ವಾಸವಿದ್ದಿರಿ? ಅವನು ವಾಸವಿದ್ದ ಯಾವ ರಸ್ತೆಯೂ ಇರಲಿಲ್ಲ. 'ಯಾವುದೂ ಅಲ್ಲ' ಎಂದು ಸತ್ಯವನ್ನೇ ಒತ್ತಿದಳು. ನಿಮ್ಮ ಗುರುತು ದೃಢಪಟ್ಟಿಲ್ಲ ಎಂದು ಪರದೆ ಕೆಂಪಾಯಿತು.

"ಅಂದ್ರೆ ನಾನು ನಾನಲ್ಲ," ಅಂದ ಗಂಡ, ಬೂಟು ಕಳಚುತ್ತಾ. "ಹಾಗಾದ್ರೆ ನಾಳೆ ಕೆಲಸಕ್ಕೆ ಹೋಗೋದು ಬೇಡ ಅಲ್ವಾ?"

ಮರುದಿನ ಒಗೆಯುವ ಅಂಗಡಿಯಲ್ಲಿ ಕೂತು, ತೆರಿಗೆ ಕಚೇರಿಗೆ ಹಚ್ಚಿದ ಫೋನನ್ನು ಕಿವಿ ಹೆಗಲುಗಳ ನಡುವೆ ಸಿಕ್ಕಿಸಿಕೊಂಡು, ಸಾಕ್ಸ್ ಜೋಡಿಸುತ್ತಾ ಮಾರ್ಲಾ ಕಾದಳು. ಫೋನಿನಲ್ಲಿ ಒಂದೇ ಪಿಟೀಲು ಹಾಡು ಸುತ್ತಿ ಸುತ್ತಿ ಬರುತ್ತಿತ್ತು. ಬಟ್ಟೆ ಒಗೆದು ಒಣಗುವ ಹೊತ್ತಿಗೆ ಒಬ್ಬಳು ಹೆಂಗಸು ಸಿಕ್ಕಳು.

"ಮ್ಯಾಮ್, ನಾನು ತೆರಿಗೆದಾರರ ಜೊತೇನೇ ಮಾತಾಡಬೇಕು."

"ನಾನೂ ತೆರಿಗೆದಾರಳೇ. ಗಂಡ ಹೆಂಡತಿ ಇಬ್ಬರದೂ ಸೇರಿ ಒಂದೇ ಅರ್ಜಿ."

"ಅದರಲ್ಲಿ ಮೊದಲನೇ ಹೆಸರು ಅವರದು, ಮ್ಯಾಮ್."

"ಅರ್ಜಿ ತುಂಬಿದ್ದು ನಾನು. ಅವನು ತನ್ನ ಟೋಪಿ ಎಲ್ಲಿದೆ ಅಂತಾನೂ ನನ್ನನ್ನೇ ಕೇಳೋನು."

"ನಮ್ಮ ಮನೇಲೂ ಅಂಥದ್ದೊಂದಿದೆ, ಮ್ಯಾಮ್. ಆದ್ರೂ ಅವರೇ ಬೇಕು."

ಅವನು ಕ್ವಾರಿಯ ಊಟದ ವೇಳೆಯಲ್ಲಿ ಫೋನು ಮಾಡಿದ. ಅರ್ಧ ಗಂಟೆ ಕಾದ ಮೇಲೆ ಗುಡ್ಡದ ಮರೆಗೆ ಸಿಗ್ನಲ್ ಹೋಯಿತು. "ಹಾಡು ಚೆನ್ನಾಗಿತ್ತು," ಅಂದ ಸಂಜೆ. ಮಾರ್ಲಾ ಆಲೂಗಡ್ಡೆ ಹೆಚ್ಚಿದಳು, ಬೇಕಿದ್ದಕ್ಕಿಂತ ಜೋರಾಗಿ.

ಭಾನುವಾರ ಚರ್ಚು ಮುಗಿಸಿ ಊಟಕ್ಕೆ ಅತ್ತೆ ಮಾವನ ಮನೆಗೆ ಹೋದರು. ಅದೇ ರಸ್ತೆಯಲ್ಲಿ ಕೂಗಿದರೆ ಕೇಳುವಷ್ಟು ದೂರ. ಟ್ರಿಪ್ ಹುಟ್ಟಿದ ಮೇಲೆ ಎಲ್ಲರಿಗೂ ಅವರು ಪ್ಯಾಪಾ, ಮ್ಯಾಮಾ. ಮ್ಯಾಮಾ ಹುರುಳಿಕಾಯಿ, ಹಂದಿಮಾಂಸ ಬಡಿಸುತ್ತಿದ್ದಾಗ ಮಾರ್ಲಾ ತನ್ನ ಸಿಟ್ಟನ್ನೆಲ್ಲ ಮೇಜಿನ ಮೇಲೆ ಸುರಿದಳು.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗಾಯ್ತು. ಟ್ಯಾನ್‌ಯಾರ್ಡ್ ರಸ್ತೇಲಿ ಇದ್ರಾ ಅಂತ ಕೇಳಿದ್ರೆ ಏನು ಹೇಳೋದು? ಅದೆಲ್ಲಿದೆಯೋ ದೇವರಿಗೇ ಗೊತ್ತು."

"ದೇವರಿಗ್ಯಾಕೆ, ನನಗೇ ಗೊತ್ತು," ಅಂದಳು ಮ್ಯಾಮಾ. "ಮದುವೆಯಾದ ಹೊಸದರಲ್ಲಿ ನಾವು ಅಲ್ಲೇ ಬಾಡಿಗೆಗಿದ್ವಿ. ಸ್ನಾನದ ಮನೆಗೆ ಅಳಿಲು ಬರ್ತಿತ್ತು."

ಮಾರ್ಲಾಳ ಚಮಚ ನಿಂತಿತು. "ಹಸಿರು ಬಣ್ಣದ ಪ್ಲಿಮತ್ ಕಾರು?"

"ನಂದು," ಅಂದ ಪ್ಯಾಪಾ, ಎದೆ ಮುಂದೆ ಮಾಡಿ. "ಅಂಥ ಕಾರು ಈಗ ಎಲ್ಲಿ ಸಿಗತ್ತೆ."

ಕಂಪ್ಯೂಟರು ಅಪ್ಪನನ್ನೂ ಮಗನನ್ನೂ ಒಬ್ಬನೇ ಎಂದುಕೊಂಡಿತ್ತು. ಪ್ಯಾಪಾನ ಹೆಸರು ವರ್ಲಿನ್ ಸ್ಟ್ಯಾಂಪರ್. ಮಗ, ಅಂದರೆ ಮಾರ್ಲಾಳ ಗಂಡ, ಹುಟ್ಟಿದಾಗ ಅವನಿಗೂ ವರ್ಲಿನ್ ಸ್ಟ್ಯಾಂಪರ್ ಎಂದೇ ಇಟ್ಟ. ಊರೆಲ್ಲ ಕರೆಯುವುದು ಜೂನಿಯರ್ ಎಂದು, ಆದರೆ ಜನನ ಪತ್ರದಲ್ಲಿ ಆ ಪದ ಬರೆಸಲು ಪ್ಯಾಪಾ ಒಪ್ಪಿರಲಿಲ್ಲ: ನನ್ನ ಮಗನಿಗೆ ನನ್ನ ಹೆಸರು ಪೂರ್ತಿ ಸಿಗಬೇಕು, ಬಾಲ ಇರೋದು ನಾಯಿಗೆ. ಮೊಮ್ಮಗ ಹುಟ್ಟಿದಾಗಲೂ ಅದೇ ಮಾತು, ಆಸ್ಪತ್ರೆಯಲ್ಲೇ. ಹೆರಿಗೆಯ ಸುಸ್ತಿನಲ್ಲಿ ಮಾರ್ಲಾ ಹೂಂ ಅಂದಿದ್ದಳು. ಮೂರನೆಯವನೆಂದು ಎಲ್ಲರ ಬಾಯಲ್ಲಿ ಟ್ರಿಪ್ ಆದ ಮಗು, ಕಾಗದದಲ್ಲಿ ಇನ್ನೊಬ್ಬ ವರ್ಲಿನ್ ಸ್ಟ್ಯಾಂಪರ್.

ಸೋಮವಾರ ಜೂನಿಯರ್ ಕೆಲಸಕ್ಕೆ ತಡವಾದರೂ ಮನೆಯಲ್ಲೇ ಕೂತು, ಹೆಂಡತಿ ಪಿಸುಗುಟ್ಟಿದ್ದನ್ನೆಲ್ಲ ಫೋನಿಗೆ ಒಪ್ಪಿಸಿದ. ಆ ಕಡೆಯ ಹೆಂಗಸು ಕೇಳಿ ಮರುಗಿದಳು. ಆದರೆ ಪ್ರಶ್ನೆ ತಯಾರಿಸುವುದು ಕಂಪ್ಯೂಟರು, ಅದಕ್ಕೆ ಯಾರೂ ಹೇಳುವಂತಿಲ್ಲ.

"ಹಾಗಾದ್ರೆ ನಾವೇನು ಮಾಡೋದು?"

"ಅದಕ್ಕೆ ಏನು ಬೇಕೋ ಆ ಉತ್ತರ ಕೊಡಿ, ಸರ್."

ಆ ಸಂಜೆ ಪ್ಯಾಪಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ, ಕೋರ್ಟಿಗೆ ಬಂದವನಂತೆ ಮಾರ್ಲಾಳ ಅಡುಗೆಮನೆಯಲ್ಲಿ ಕೂತ. ಒತ್ತುವವನು ಜೂನಿಯರ್, ಓದುವವಳು ಮಾರ್ಲಾ. ಪರದೆಯ ಮೂಲೆಯಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಮೊದಲನೆಯದು ಪ್ಯಾಪಾ ಹಿಂದೆ ಕೆಲಸ ಮಾಡಿದ ಗಿರಣಿ. ಎರಡನೆಯದು ಒಂದು ಮೀನಿನ ದೋಣಿ.

"ನಂದು ಅದು," ಅಂದ ಜೂನಿಯರ್.

"ನನ್ನ ದುಡ್ಡಲ್ಲಿ ತಗೊಂಡದ್ದು," ಅಂದ ಪ್ಯಾಪಾ.

"ಯಾರದ್ದಾದ್ರೂ ಆಗಲಿ, ಒತ್ತು," ಅಂದಳು ಮಾರ್ಲಾ.

ಕೊನೆಯ ಪ್ರಶ್ನೆಯನ್ನು ಅವಳು ಎರಡು ಸಲ ಓದಿದಳು. ಈ ಕೆಳಗಿನ ಯಾವ ಜಮೀನು ನಿಮ್ಮ ಹೆಸರಿನಲ್ಲಿದೆ? ಪಟ್ಟಿಯಲ್ಲಿ ಪ್ಯಾಪಾನ ಗುಡ್ಡದ ಜಮೀನೂ ಇತ್ತು, ಈ ಮನೆ ನಿಂತಿರುವ ಜೂನಿಯರ್‌ನ ತುಂಡೂ ಇತ್ತು. ಒತ್ತಬೇಕಾದದ್ದು ಒಂದೇ. ಗಡಿಯಾರ ಓಡುತ್ತಿತ್ತು. ಜೂನಿಯರ್‌ನ ಬೆರಳು ಎರಡರ ನಡುವೆ ತೂಗಾಡಿತು. ಹಿಂದಿನ ಕೋಣೆಯಲ್ಲಿ ಕೊಳೆಬಟ್ಟೆಯ ಗುಡ್ಡ ಅವಳಿಗೆ ನೋಡದೆಯೇ ಕಾಣುತ್ತಿತ್ತು.

"ಬೇಗ ಹೇಳಿ ಪ್ಯಾಪಾ. ಅದು ಹುಡುಕ್ತಿರೋದು ನಿಮ್ಮನ್ನೋ ಇವನನ್ನೋ?"

ಮುದುಕ ಪರದೆಯನ್ನೇ ನೋಡಿದ. ಗುಡ್ಡದ ಜಮೀನೆಂದರೆ ಅವನಿಗೆ ಜೀವ. ಊರಿನ ಯಾವ ಮಾತನ್ನೂ ಅಲ್ಲಿಗೇ ತಂದು ನಿಲ್ಲಿಸುವವನು.

"ಹುಡುಗನದ್ದೇ ಒತ್ತು," ಅಂದ ಮೆಲ್ಲಗೆ. "ವರ್ಷವೆಲ್ಲ ದುಡಿದು ತೆರಿಗೆ ಕಟ್ಟಿದ್ದು ಅವನು."

ಪರದೆ ಹಸಿರಾಯಿತು. ಮಾರ್ಲಾ ಎದ್ದು ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ಒಂದು ಲೋಟ ನೀರು ಕುಡಿದಳು.

ಚೆಕ್ಕು ಬಂದಾಗ ಅಂಚೆಯವನು ಅದನ್ನು ಹಾಕಿದ್ದು ಪ್ಯಾಪಾನ ಪೆಟ್ಟಿಗೆಗೆ. ಲಕೋಟೆ ಒಡೆದುಕೊಂಡೇ ಅವನು ನಡೆದು ಬಂದ.

"ನನ್ನ ಹೆಸರೂ ನಿನ್ನ ಹೆಸರೂ ಒಟ್ಟಿಗಿದೆ. ಇದ್ಯಾವಾಗ ಮದುವೆ ಆದ್ರಿ ಅಂತ ಮ್ಯಾಮಾ ಬೆಳಗ್ಗಿಂದ ಕೇಳ್ತಿದ್ದಾಳೆ."

"ಕೊಡಿ ಪ್ಯಾಪಾ. ನನ್ನ ಕೈಯಲ್ಲಿ ಇನ್ನು ನಗೋಕಾಗಲ್ಲ."

ಅವನು ತಕ್ಷಣ ಕೊಡಲಿಲ್ಲ. ಅಂಗಳದ ಕೆಸರಲ್ಲಿ ಕೂತಿದ್ದ ಟ್ರಿಪ್‌ನನ್ನು ನೋಡುತ್ತಾ ನಿಂತ. "ಅವನು ಸ್ಕೂಲಿಗೆ ಸೇರೋದರೊಳಗೆ ಬಾಲ ಕಟ್ಟಿಸಿಬಿಡು. ಮುಂದಿನ ಸಲ ಪ್ಲಿಮತ್ ಬಗ್ಗೆ ಕೇಳಿದ್ರೆ ಹೇಳೋಕೆ ನಾನಿರಲ್ಲ." ಚೆಕ್ಕನ್ನು ಅವಳ ಕೈಗಿಟ್ಟು, ಉತ್ತರಕ್ಕೆ ಕಾಯದೆ ಹೋದ.

ಹೊಸ ಮೆಷಿನ್ನು ಮೊದಲ ಗಂಟನ್ನು ತಿರುಗಿಸುತ್ತಿದ್ದಾಗ ಮಾರ್ಲಾ ಅದಕ್ಕೆ ಒರಗಿ ನಿಂತು ಜನನ ಪತ್ರಗಳ ಕಚೇರಿಗೆ ಫೋನು ಮಾಡಿದಳು. ಮಗನ ಹೆಸರಿನ ಕೊನೆಗೆ 'ಮೂರನೆಯವನು' ಎಂದು ಸೇರಿಸಬೇಕು, ಅಷ್ಟೆ.

"ತಂದೆ ಬಂದು ಸಹಿ ಹಾಕಬೇಕು, ಮ್ಯಾಮ್. ತಂದೆಯ ಹೆಸರು?"

"ವರ್ಲಿನ್ ಸ್ಟ್ಯಾಂಪರ್."

ಕೀಲಿಮಣೆಯ ಸದ್ದು ಕೇಳಿಸಿ, ನಿಂತಿತು. "ಆ ಹೆಸರಲ್ಲಿ ನನಗೆ ಮೂರು ಜನ ಕಾಣ್ತಿದ್ದಾರೆ, ಮ್ಯಾಮ್. ಸ್ವಲ್ಪ ಕಾಯ್ತೀರಾ?"

ಪಿಟೀಲು ಶುರುವಾಯಿತು. ಅದೇ ಹಾಡು. ಮಾರ್ಲಾ ಫೋನನ್ನು ಕಿವಿ ಹೆಗಲುಗಳ ನಡುವೆ ಸಿಕ್ಕಿಸಿಕೊಂಡು, ಎರಡನೇ ಗಂಟಿನ ಬಟ್ಟೆ ವಿಂಗಡಿಸತೊಡಗಿದಳು.