ಗುರುಬಸಪ್ಪನವರ ಪಾತಿ

ರಾಜಾಜಿನಗರದ ಹೊಸ ಮನೆಯ ಮುಂದೆ ಗುರುಬಸಪ್ಪನವರಿಗೆ ಮೂರಡಿ ಅಗಲ, ಎಂಟಡಿ ಉದ್ದದ ನೆಲ ಉಳಿದಿತ್ತು. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ಹೆಡ್ ಕ್ಲಾರ್ಕಾಗಿ ನಿವೃತ್ತರಾದವರು ಅಷ್ಟು ನೆಲವನ್ನು ಸುಮ್ಮನೆ ಬಿಡುವುದುಂಟೇ? ಒಂದು ಫೈಲು ತೆರೆದರು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂ ಬಿಡಬೇಕು, ಆಳು ಬೇಕಾಗಬಾರದು, ತಾವು ಕುರ್ಚಿಯಿಂದ ಏಳಬಾರದು ಎಂದು ಮೊದಲ ಹಾಳೆಯಲ್ಲಿ ಬರೆದರು. ಆಮೇಲೆ ಬಣ್ಣದ ಕ್ಯಾಟಲಾಗು ನೋಡಿ ಮೂರು ಗಿಡ ಮಂಜೂರು ಮಾಡಿ ನೆಡಿಸಿದರು. ಹಿಂದೆ ಬಾಳೆಯಂಥ ಎಲೆಯ ಕಾನಾ, ನಡುವೆ ಗುಲಾಬಿ, ಮುಂದೆ ಪಾಪಾಸುಕಳ್ಳಿ. ಎತ್ತರದ ಪ್ರಕಾರ. ಗ್ರೂಪ್ ಫೋಟೋಕ್ಕೆ ನೌಕರರನ್ನು ನಿಲ್ಲಿಸಿ ಅಭ್ಯಾಸವಾದ ಮನುಷ್ಯನಿಗೆ ಗಿಡಕ್ಕೂ ಬಾಯಾರಿಕೆ ಇರುತ್ತದೆ ಎಂದು ಯಾರು ಹೇಳಬೇಕು?

ಹೇಳಿದವಳು ಚಿಕ್ಕಗಂಗಮ್ಮ, ದಿನಾ ಬೆಳಿಗ್ಗೆ ಅವರ ಹೆಂಡತಿ ಯಶೋದಮ್ಮನಿಗೆ ಒಂದು ಮೊಳ ಹೂ ಕೊಡುವವಳು. ಈ ಬೀದಿ ಬರುವ ಮೊದಲು ಇಲ್ಲಿ ಅವಳ ಕನಕಾಂಬರದ ಹೊಲವಿತ್ತು. ಬಡಾವಣೆಗೆ ನೆಲ ಹೋದ ಮೇಲೆ ಹೊಸಹಳ್ಳಿಯ ತಂಗಿಯ ಮನೆ ಸೇರಿದ್ದಳು. ಅಲ್ಲಿ ಅಂಗಳವೆಲ್ಲ ಚಪ್ಪಡಿ. ಹೊಲದಿಂದ ಉಳಿದದ್ದು ಸೊಂಟದ ಚೀಲದಲ್ಲಿ ಎರಡು ಹಿಡಿ ಒಣಗಿದ ಬೀಜದ ತೆನೆ. ಈ ಮಳೆಗಾಲ ಮಣ್ಣಿಗೆ ಬೀಳದಿದ್ದರೆ ಆ ಬೀಜ ಮತ್ತೆ ಹುಟ್ಟುವುದಿಲ್ಲ.

“ಕಾನಾಗೆ ದಿನಾ ಎರಡು ಕೊಡ ನೀರು ಬೇಕು ಸ್ವಾಮಿ. ಅಷ್ಟು ಹಾಕಿದ್ರೆ ಕಳ್ಳಿ ಕೊಳೀತದೆ,” ಎಂದಳು. “ಗುಲಾಬಿಗೆ ಕತ್ತರಿ ಹಿಡಿಯೋರು ಬೇಕು. ಇವೆಲ್ಲ ಒಂದೇ ಪಾತೀಲಿ ಬಾಳೋವಲ್ಲ.” ಕನಕಾಂಬರ, ಸ್ಫಟಿಕದ ಹೂ, ಅಂಚಿಗೆ ಮರುಗ ಹಾಕೋಣ ಎಂದಳು. ಒಂದೇ ದಾರದಲ್ಲಿ ಕಟ್ಟುವಂಥವು, ನೀರಿನ ಅಳತೆಯೂ ಒಂದೇ. ತಾನೇ ನೋಡಿಕೊಂಡು, ಅಮ್ಮನಿಗೆ ದಿನಾ ಒಂದು ಮೊಳ ಕೊಟ್ಟು, ಉಳಿದದ್ದನ್ನು ಬಿಡಿಸಿಕೊಂಡು ಹೋಗುವುದಾಗಿ ಕೇಳಿಕೊಂಡಳು.

ಗುರುಬಸಪ್ಪ ಪೇಪರಿನಿಂದ ತಲೆಯೆತ್ತಲಿಲ್ಲ. “ಇದು ಸಂತೆ ಅಲ್ಲಮ್ಮ. ಕನಕಾಂಬರ ಎಲ್ಲ ನಿಮ್ಮಂಥೋರ ಹಿತ್ತಲಿಗೆ. ಅದಕ್ಕೆ ವಾಸನೆಯಾದ್ರೂ ಇದೆಯಾ?” ಪಾಪಾಸುಕಳ್ಳಿಗೆ ಯಾವ ಪರಿಮಳವಿದೆ ಎಂದು ಅವರ ಫೈಲಿನಲ್ಲಿ ಇರಲಿಲ್ಲ.

ಚಿಕ್ಕಗಂಗಮ್ಮ ಬುಟ್ಟಿ ಎತ್ತಿಕೊಂಡಳು. ಹೋಗುತ್ತ ಪಾತಿಯ ಉದ್ದಕ್ಕೂ ಸೊಂಟದ ಚೀಲ ಕೊಡವಿದಳು. ಕಸ ಯಾಕೆ ಹಾಕುತ್ತೀ ಎಂದು ಅವರು ಗದರಿದರು.

“ಗೊಬ್ಬರ ಸ್ವಾಮಿ. ಬಿಟ್ಟಿ. ನೀರು ಹಾಕಿ.”

ಬಿಟ್ಟಿ ಎಂದ ಕೂಡಲೇ ಕುರ್ಚಿ ಬಿಡುವ ಶಕ್ತಿ ಬಂತು. ಒಂದು ಕೊಡ ಸುರಿದು ಬಗ್ಗಿ ನೋಡಿದರು. ನೆನೆದ ತೆನೆಗಳು ಚಟಪಟ ಸಿಡಿದವು. ಬೀಜ ಅವರ ಪಂಚೆಗೆ, ಕನ್ನಡಕಕ್ಕೆ, ಪಾತಿಯ ಮೂಲೆಮೂಲೆಗೂ ಹಾರಿತು. ಏನೋ ಹುಳವೆಂದು ಮಹಾನುಭಾವರು ಒಳಗೋಡಿ ಅಗುಳಿ ಹಾಕಿಕೊಂಡರು.

ದೀಪಾವಳಿಯ ಹೊತ್ತಿಗೆ ಕಳ್ಳಿ ಕೊಳೆಯಿತು. ಗುಲಾಬಿ ಮುಳ್ಳಿನ ಕಡ್ಡಿಯಾಯಿತು. ನಲ್ಲಿಯ ನೀರು ಕಡಿಮೆಯಾದಾಗ ಕಾನಾ ಒಣಗಿತು. ಯುಗಾದಿಗೆ ಪಾತಿ ತುಂಬ ಕನಕಾಂಬರ. ಗುರುಬಸಪ್ಪ ಫೈಲಿನ ಮೊದಲ ಹಾಳೆ ಹರಿದು, ಕನಕಾಂಬರ ಮಂಜೂರು ಎಂದು ಹೊಸದು ಸೇರಿಸಿ, ತಮ್ಮ ಆಯ್ಕೆಯನ್ನು ಬೀದಿಯವರಿಗೆಲ್ಲ ತೋರಿಸುತ್ತಿದ್ದರು.

ಒಂದು ಬೆಳಿಗ್ಗೆ ಚಿಕ್ಕಗಂಗಮ್ಮ ಬಂದು ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಗಿಡದತ್ತ ಕೈ ಚಾಚಿದಳು.

“ಯಾರನ್ನ ಕೇಳಿ ಕೈ ಹಾಕ್ತೀಯಾ? ನಾನು ಬೆಳೆಸಿದ್ದು ಇದು.”

“ಹೌದು ಸ್ವಾಮಿ, ನೀರು ಹಾಕಿ ಬಿತ್ತಿದೋರೇ ನೀವು,” ಎಂದಳು. “ದಿನಾ ಹೀಗೆ ಕೂತು ಬಿಡಿಸ್ಬೇಕು. ಬಿಡಿಸ್ತೀರಾ?”

ಅವರು ತಮ್ಮ ಮೊಣಕಾಲನ್ನು ನೋಡಿಕೊಂಡು ಕುರ್ಚಿಗೆ ಮರಳಿದರು. ಯಶೋದಮ್ಮ ಒಳಗಿನಿಂದ ಒಂದು ಮಣೆ ತಂದು ಚಿಕ್ಕಗಂಗಮ್ಮನಿಗೆ ಕೊಟ್ಟರು.

ಅವಳು ಮೊದಲು ಒಣಗಿದ ತೆನೆಗಳನ್ನು ಮುರಿದು ಸೊಂಟದ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹೂವಿಗೆ ಕೈ ಹಾಕಿದಳು.