ಮೂವತ್ತೊಂದು ಲಘು

ಎಳೆಯಿತು, ನಿಂತಿತು, ಬಿಟ್ಟಿತು — ಯಂತ್ರಕ್ಕೂ ಒಂದು ಲಯ, ಯತಿ ತಪ್ಪದ ಉಸಿರು, ಆದರೆ ನನ್ನ ತಮ್ಮನದಲ್ಲ, ಅವನ ಗಂಟಲಿಗಿಳಿಸಿದ ಕೊಳವೆಯದು, ನೋಡಿ ಅಮ್ಮ, ಮೆದುಳಲ್ಲಿ ತುಂಬಾ ರಕ್ತ ಸೋರಿದೆ, ಸಂಜೆಯೊಳಗೆ ನೀವು ಹೂಂ ಅಂದ್ರೆ ಕೊಳವೆ ತೆಗೀತೀವಿ, ಬೇಡ ಅಂದ್ರೆ ಒಳಗೆ ಪ್ರಜ್ಞೆ ಇದೆ ಅನ್ನೋಕೆ ಒಂದಾದ್ರೂ ಗುರುತು ಬೇಕು, ಕರೆದು ನೋಡಿ, ನಿಮ್ಮ ದನಿ ಗೊತ್ತಲ್ಲ ಅವರಿಗೆ — ಎಂದು ಹೋದಳು ವೈದ್ಯೆ, ನನ್ನ ಮಗಳ ವಯಸ್ಸಿನವಳು, ಕರೆದೆ, ಪುಟ್ಟಾ ಎಂದೆ, ದೇವರ ಹೆಸರು ಹೇಳಿದೆ, ಅಪ್ಪ ಕಲಿಸಿದ ಪದ್ಯಗಳನ್ನು ಕಿವಿಯಲ್ಲಿ ಓದಿದೆ, ಏನೂ ಇಲ್ಲ, ಕರೆದರೆ ಇವನು ಯಾವತ್ತು ಓಗೊಟ್ಟಿದ್ದ, ತಪ್ಪು ಕೇಳಿದರೆ ಮಾತ್ರ ಓಡಿಬರುವವನು, ಅಪ್ಪನ ಹಾಗೆಯೇ, ಅಪ್ಪ ಕಣ್ಣು ಮುಚ್ಚಿ ನಮ್ಮಿಬ್ಬರ ಬಾಯಿಪಾಠ ಕೇಳುವಾಗ ಒಂದು ಮಾತ್ರೆ ಜಾರಿದರೂ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು, ಬೈಗುಳವಿಲ್ಲ, ಬೆರಳಷ್ಟೆ, ಆ ಬೆರಳನ್ನೇ ಇವನು ಕಾಲೇಜಿನ ಗಣಿತದ ತರಗತಿಗೆ ಒಯ್ದ.

ಅಕ್ಕಾ, ನಿಂಗೆ ಛಂದಸ್ಸು ಗೊತ್ತಲ್ಲ, ಇದನ್ನ ಕೇಳು, ಎಂದಿದ್ದ ಒಂದು ದಿನ, ಎರಡನ್ನ ಮೂವತ್ತೊಂದು ಸಲ ಬರೆದು ಗುಣಿಸು, ಒಂದು ಕಳೆ, ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು, ಅವಿಭಾಜ್ಯ, ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಯುತ್ತೆ, ಕಂಪ್ಯೂಟರಿನ ಸೊನ್ನೆ-ಒಂದರ ಬರಹದಲ್ಲಿ ಬರೀ ಒಂದು, ಸಾಲಾಗಿ ಮೂವತ್ತೊಂದು, ನಡುವೆ ಒಂದೂ ಸೊನ್ನೆ ಇಲ್ಲ — ಮೂವತ್ತೊಂದೂ ಲಘುವೇನೋ, ಎಲ್ಲ ಒಂದೊಂದೇ ಮಾತ್ರೆ, ಗಣ ಹೇಗೋ ಬಿಡಿಸೋದು, ಎಂದೆ — ಕುಣಿದೇಬಿಟ್ಟ, ಅದೇ, ಬಿಡಿಸೋಕಾಗಲ್ಲ, ಆ ಸಾಲನ್ನ ಸಮಗಣವಾಗಿ ಕಡಿಯೋಕಾಗಿದ್ರೆ ಸಂಖ್ಯೆನೂ ಒಡೆದುಹೋಗ್ತಿತ್ತು, ಕಡಿಯೋಕಾಗದ ಮಾತ್ರಕ್ಕೆ ಗಟ್ಟಿ ಅಂತಲೂ ಅಲ್ಲ, ಹನ್ನೊಂದು ಒಂದುಗಳ ಸಾಲು, ಎರಡು ಸಾವಿರದ ನಲವತ್ತೇಳು, ನಂಬಿಸಿ ಕೈಕೊಡುತ್ತೆ, ಇಪ್ಪತ್ತಮೂರರಿಂದ ಹೋಗುತ್ತೆ, ಇದು ಮಾತ್ರ ಗಟ್ಟಿ, ನನ್ನ ಹಾಗೆ, ತನಗೂ ಒಂದಕ್ಕೂ ಬಿಟ್ಟು ಯಾರಿಗೂ ಬಗ್ಗಲ್ಲ — ಅದಕ್ಕೇ ನಿಂಗೆ ಯಾರೂ ಹೆಣ್ಣು ಕೊಡ್ಲಿಲ್ಲ, ಆ ಒಂದು ಯಾರಪ್ಪಾ — ನೀನೇ, ಎಲ್ಲದರೊಳಗೂ ಇರ್ತೀಯಲ್ಲ, ತೊಲಗಲ್ವಲ್ಲ.

ಕಿಟಕಿಗೆ ಸಂಜೆ ಬಂತು, ದೇವರೇ, ನನ್ನ ಬಾಯಿಗೊಂದು ತಪ್ಪು ಕೊಡು, ಇಂಥ ಬೇಡಿಕೆ ಯಾರಾದರೂ ಇಟ್ಟಿದ್ದಾರೆಯೇ ನಿನ್ನೆದುರು, ಬೇಕೆಂದೇ ತಪ್ಪು ಓದುವುದು ನಮ್ಮ ಮನೆಯಲ್ಲಿ ಪಾಪ, ಆದರೂ ಬಗ್ಗಿದೆ, ಅವನ ಆ ಸಂಖ್ಯೆಯನ್ನು ಕೋಟಿಯಿಂದ ಹಿಡಿದು ಒಂದೊಂದೇ ಹೇಳಿಕೊಂಡು ಬಂದೆ, ಕೊನೆಯಲ್ಲಿ ಒಂದು ಕಳೆದೆ, ಸಾವಿರದ ಆರುನೂರ ನಲವತ್ತಾರು, ಕೇಳಿಸ್ತಾ, ನಲವತ್ತಾರು, ಎರಡರಿಂದ ಹೋಗುತ್ತೆ, ಮೂರರಿಂದ, ಏಳರಿಂದ, ಹನ್ನೊಂದರಿಂದ, ಆ ಮೂವತ್ತೊಂದರಿಂದಲೂ, ಪಕ್ಕದ ಮನೆಯೇ ಆದ್ರೂ ಚೂರುಚೂರು ಅಂತ ನೀನೇ ನಕ್ಕಿದ್ದೆ, ತಿದ್ದೋ, ದಡ್ಡಿ ಅನ್ನೋ — ಎಳೆಯಿತು, ಬಿಟ್ಟಿತು — ಇದೇ ನಿನ್ನ ಅವಿಭಾಜ್ಯ ಎಂದೆ, ಜೋರಾಗಿಯೇ, ನರ್ಸ್ ತಿರುಗಿ ನೋಡಿದಳು, ಬಾಗಿಲಲ್ಲಿ ವೈದ್ಯೆ, ಏನಾದ್ರೂ ಗೊತ್ತಾಯ್ತಾ ಅಮ್ಮ, ತಾಳು ತಾಯಿ, ಇನ್ನೊಂದು ಸಲ, ನಲವತ್ತಾರು, ಹೊದಿಕೆಯ ಮೇಲೆ, ತಪ್ಪಿಗೆ ಮೇಲೇಳಬೇಕಾದ ಅವನ ತೋರುಬೆರಳು, ತುದಿಗೆ ಕಚ್ಚಿಸಿದ ಕ್ಲಿಪ್ಪು, ಉಗುರಿನಡಿ ಕೆಂಪು ದೀಪ, ನಲವತ್ತಾರು, ಬೆರಳು, ಮಲಗಿದ ಬೆರಳು, ತುದಿಯಲ್ಲಿ ಕೆಂಪು —