ಬೆವರು ಬಿದ್ದ ಜಾಗ

ನನ್ನ ಬಲಗೈ ಮೇಲೆ ನನಗೆ ಭಾರೀ ಜಂಬ. ಐದು ವರ್ಷ ಕುವೆಂಪುನಗರದ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತ ಕೈ ಸ್ವಾಮಿ ಅದು! ಮೂರನೇ ಮಹಡಿಯಾದರೂ ಬಲಭುಜದ ಮೇಲೇ. ಎಡಭುಜ ಸುಮ್ಮನೆ ಜೊತೆಗೆ ಬರುತ್ತಿತ್ತು, ಮದುವೆಗೆ ಬಂದ ನೆಂಟನ ಹಾಗೆ.

ತೊಂಬತ್ತೇಳರಲ್ಲಿ ಅಗ್ನಿಶಾಮಕ ದಳಕ್ಕೆ ಎರಡನೇ ಸಲ ಅರ್ಜಿ ಹಾಕಿದೆ. ಹಗ್ಗ ಹತ್ತಿ ತೋರಿಸಬೇಕು. ಹಿಂದಿನ ಸಲ ಅರ್ಧಕ್ಕೇ ಎಡಗೈ ಸೋತು ದೊಪ್ಪನೆ ಬಿದ್ದಿದ್ದೆ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತೆ. ಇದು ತಪ್ಪಿದರೆ ಮುದುಕನಾಗೋವರೆಗೂ ಸಿಲಿಂಡರೇ ಗತಿ.

ಅದಕ್ಕೇ ನಮ್ಮ ಬೀದಿಯ ಗರಡಿಗೆ ಹೋಗಿ ಉಸ್ತಾದ್ ಸಿದ್ದಪ್ಪಾಜಿಯವರ ಕಾಲಿಗೆ ಬಿದ್ದೆ. ಅವರು ಕೆಮ್ಮಣ್ಣಿನ ಮೇಲೆ ಹತ್ತು ದಂಡ ಹೊಡೆಸಿದರು. ಆಮೇಲೆ ನನ್ನನ್ನು ನೋಡಲೇ ಇಲ್ಲ, ಮಣ್ಣು ನೋಡಿದರು. ಬಲ ಅಂಗೈ ಗುರುತು ಆಳವಾಗಿ ಕೂತಿತ್ತು. ಎಡದ್ದು ಬೆಕ್ಕು ನಡೆದುಹೋದಂತೆ.

“ಪ್ರಸನ್ನ, ಎಲ್ಲಾ ಭಾರಾನೂ ಬಲಕ್ಕೇ ಹೊರಿಸಿದ್ದೀಯ ಕಣೋ. ನಾಳೆಯಿಂದ ಕಟ್ಟೆ ಮೇಲೆ ಒಂಟಿಕೈ ದಂಡ. ಮೊದಲು ಎಡ. ಎಡ ಎಷ್ಟು ಹೊಡೀತದೋ ಬಲಾನೂ ಅಷ್ಟೇ. ಒಂದೂ ಹೆಚ್ಚಿಗೆ ಹೊಡೆಯಂಗಿಲ್ಲ.”

ಎಡಗೈ ನಾಲ್ಕಕ್ಕೇ ಗಡಗಡ ನಡುಗಿತು. ಬಲಕ್ಕೆ ಇಪ್ಪತ್ತು ಹೊಡೆಯೋ ತಾಕತ್ತು, ಅದನ್ನೂ ನಾಲ್ಕಕ್ಕೇ ನಿಲ್ಲಿಸು ಅಂದರೆ ಇದ್ಯಾವ ನ್ಯಾಯ? ಸಿಟ್ಟು ನೆತ್ತಿಗೇರಿತು. ದಿನಾ ಮನೆ ತಾರಸಿ ಮೇಲೆ ಕದ್ದು ಬಲಗೈಗೆ ಇನ್ನೂ ಹದಿನಾರು ಹೊಡೆದೆ.

“ಉಸ್ತಾದ್ರು ಹೇಳ್ಕೊಟ್ಟಿದ್ದು ಸಾಲಲ್ವೇನೋ?” ಅಂದಳು ಅವ್ವ.

“ನಿಂಗೊತ್ತಾಗಲ್ಲ, ಸುಮ್ನಿರವ್ವ,” ಅಂದೆ.

ತಿಂಗಳಾದ ಮೇಲೆ ಉಸ್ತಾದ್ರು ಮತ್ತೆ ಮಣ್ಣಿನ ಮೇಲೆ ಹತ್ತು ದಂಡ ಹೊಡಿ ಅಂದರು. ನಾನೇನು ದಡ್ಡನಾ? ಏಳುವಾಗ ಎಡ ಅಂಗೈಯನ್ನು ಚೆನ್ನಾಗಿ ಅದುಮಿ ಎದ್ದೆ. ಎರಡೂ ಗುರುತು ಅವಳಿಜವಳಿ!

ಅವರು ಬಗ್ಗಿ, ಬಲಗುರುತಿನ ಪಕ್ಕ ಬೆರಳಿಟ್ಟರು. ಅಲ್ಲಿ ಮಣ್ಣು ಹನಿಹನಿಯಾಗಿ ಒದ್ದೆ.

“ಅಂಗೈನ ಅದುಮ್ಬುಟ್ಟೆ, ಸರಿ. ಮೂಗಿನ ತುದಿಯ ಬೆವರು ಎಲ್ಲಿ ಬಿತ್ತು ನೋಡು. ಮೈಯೆಲ್ಲಾ ಬಲಕ್ಕೇ ವಾಲ್ಕೊಂಡದೆ. ನನಗೆ ಮೋಸ ಮಾಡಿದ್ರೆ ನಂದೇನು ಹೋಗತದಪ್ಪ? ಹಗ್ಗಕ್ಕೆ ಮೋಸ ಮಾಡಕ್ಕಾಗತದಾ?”

ಎರಡು ಬಾರಿಸಿದ್ದರೂ ತಡಕೋತಿದ್ದೆ. ಆ ಮಾತಿಗೆ ಮಾತ್ರ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಪರೀಕ್ಷೆಗೆ ಉಳಿದಿದ್ದು ಎರಡೇ ತಿಂಗಳು.

ಅವತ್ತಿಂದ ಎಡಕ್ಕೇ ಮೊದಲ ಮರ್ಯಾದೆ. ಐದಾಯ್ತು, ಏಳಾಯ್ತು, ಹನ್ನೊಂದಾಯ್ತು. ಬಲಗೈ ಪಾಪ, ಕಾಯುತ್ತಿತ್ತು. ಸಿಲಿಂಡರನ್ನೂ ಒಂದು ಮನೆಗೆ ಬಲಭುಜ, ಇನ್ನೊಂದಕ್ಕೆ ಎಡಭುಜ. ಮೊದಲ ದಿನವೇ ಪ್ರೇಮಲೀಲಾ ಮೇಡಂ ಗೇಟಿನಲ್ಲಿ ಎಡದಿಂದ ಜಾರಿ, ಅವರ ದಾಸವಾಳದ ಕುಂಡ ಚೂರುಚೂರು. “ಐದು ವರ್ಷದಿಂದ ಹೊರ್ತಿದ್ದೀಯ, ಇವತ್ತೇನು ಬಂತೋ ನಿನಗೆ!” ಅಂತ ಉಗಿಸಿಕೊಂಡೆ. ಕಾರಣ ಹೇಳಿದರೆ ನಗ್ತಾರೆ ಅಂತ ಚೂರು ಆಯ್ದಿಟ್ಟು ಹೊರಟೆ.

ಪರೀಕ್ಷೆ ದಿನ, ಹಿಂದೆ ಬಿದ್ದಿದ್ದ ಎತ್ತರಕ್ಕೆ ಬಂದೆ. ಎಡಗೈ ಚಾಚಿದೆ. ಹಿಡೀತು. ಎಳೀತು! ತುದಿಯ ಗಂಟು ಮುಟ್ಟಿ ಮೈದಾನವೆಲ್ಲಾ ಕೇಳೋ ಹಾಗೆ ಕಿರುಚಿದ್ದು ನಾನೇ ಅಂತೆ.

ಆಯ್ಕೆ ಪಟ್ಟಿ ಬಂದಾಗ ಮಾಗಿಯ ಚಳಿ. ಬೆಳಗ್ಗೆ ಸ್ವೆಟರ್ ಹಾಕ್ಕೊಂಡು, ಮೆಲ್ಲಗೆ ನಡ್ಕೊಂಡೇ ಗರಡಿಗೆ ಹೋಗಿ “ನನ್ನ ಹೆಸರು ಬಂದದೆ” ಅಂದೆ. ಉಸ್ತಾದ್ರು ಕಾಲು ಮುಟ್ಟಲು ಬಿಡಲಿಲ್ಲ.

“ಮೊದಲು ಒಂದು ದಂಡ ಹೊಡಿ.”

ಸ್ವೆಟರ್ ಬಿಚ್ಚಿಟ್ಟು ಹೊಡೆದು ಎದ್ದೆ. ಅವರು ಮಂಡಿಯೂರಿ ಮಣ್ಣಿನ ಮೇಲೆ ಬಗ್ಗಿ ತುಂಬಾ ಹೊತ್ತು ನೋಡಿದರು. ಎರಡು ಅಂಗೈಯದೂ ಒಂದೇ ಆಳ. ಎರಡರ ನಟ್ಟನಡುವೆ, ಅವರ ಮುಖದ ನೇರ ಕೆಳಗೆ, ಒಂದು ಹನಿ.

“ನೋಡ್ದಾ? ಬೆವರು ಸರಿಯಾದ ಜಾಗಕ್ಕೆ ಬಿದ್ದದೆ,” ಅಂದರು, ತಲೆ ಎತ್ತದೆ.

ನಾನು ಹೂಂ ಅಂದೆ. ಆ ಚಳಿಯಲ್ಲಿ, ಒಂದೇ ಒಂದು ದಂಡಕ್ಕೆ, ನನಗೆಲ್ಲಿಯ ಬೆವರು?